ಹನ್ನಮ್ಮ ಸಿಸ್ಟರ್ ಕ್ಷಮೆ ಕೇಳುವ ಶನಿವಾರ

ಚಿಕ್ಕಲಸಂದ್ರದ ನಮ್ಮ ರಸ್ತೆಯಲ್ಲಿ ಬೈಯಲು ಬಂದವರನ್ನು ಎದುರಿಸುವುದು ಎಲ್ಲರಿಗೂ ಗೊತ್ತು. ಅವರು ನಾಲ್ಕು ಮಾತು ಅಂದರೆ ನಾವು ಎಂಟು ಅಂದು, ಬಾಗಿಲು ಹಾಕಿಕೊಂಡು ಕಾಫಿ ಕುಡಿಯುತ್ತೇವೆ. ಕ್ಷಮೆ ಕೇಳಲು ಬಂದವರನ್ನು ಎದುರಿಸುವುದು ಹೇಗೆ? ತಿಂಗಳ ಮೊದಲ ಭಾನುವಾರದ ಹಿಂದಿನ ದಿನ ಎದುರು ಮನೆಯ ಗೇಟು ಕಿರ್ರೆಂದರೆ ಸಾಕು, ನಾನು ಟಿ.ವಿ. ಆರಿಸಿ, ಫ್ಯಾನ್ ನಿಲ್ಲಿಸಿ, ಮನೆಯಲ್ಲಿ ಯಾರೂ ಇಲ್ಲವೆಂಬಂತೆ ಕೂರುತ್ತಿದ್ದೆ. ಒಲೆಯ ಮೇಲಿನ ಕುಕ್ಕರ್ ಮಾತ್ರ ಸರಿಯಾಗಿ ಅದೇ ಹೊತ್ತಿಗೆ ವಿಶಲ್ ಹಾಕಿ ನನ್ನನ್ನು ಹಿಡಿದುಕೊಡುತ್ತಿತ್ತು.

"ಗ್ರೇಸಿ, ಇದ್ದೀಯೇನಮ್ಮ? ಒಂದೇ ನಿಮಿಷ. ಕ್ಷಮೆ ಕೇಳಿ ಹೊರಟ್‌ಹೋಗ್ತೀನಿ."

ಹನ್ನಮ್ಮ ಸಿಸ್ಟರ್ ಬಂದರೆಂದರೆ ಹೀಗೆ. ಮಿಷನ್ ಆಸ್ಪತ್ರೆಯಲ್ಲಿ ಜೀವಮಾನವೆಲ್ಲ ದುಡಿದು ನಿವೃತ್ತರಾದ ನರ್ಸ್. ಗಂಜಿ ಹಾಕಿದ ಕಾಟನ್ ಸೀರೆ, ಎಣ್ಣೆ ಹಚ್ಚಿ ಬಿಗಿಯಾಗಿ ಬಾಚಿದ ಬಿಳಿ ಕೂದಲು. ಚಪ್ಪಲಿಯನ್ನು ಬಾಗಿಲಾಚೆ ಜೋಡಿಸಿಟ್ಟು, ಒಳಗೆ ಬಂದು, ಕೂರದೆ ನಿಂತೇ ಕೈ ಮುಗಿಯುವರು. ಒಂದು ಸಲ ನನಗೆ ಹೇಳಿದ್ದು ಇದು: "ಹೋದ ವಾರ ಆರಾಧನೇಲಿ ನೀನು ಹಾಡ್ತಿದ್ದಾಗ, ಈ ಗಂಟಲನ್ನ ದೇವರು ಯಾಕೆ ಕೊಟ್ಟ ಅಂತ ಮನಸ್ಸಲ್ಲೇ ಅಂದ್ಕೊಂಡೆ. ತಪ್ಪು. ಕ್ಷಮಿಸಮ್ಮ." ನಾನು ಅಲ್ಲಿಗೆ ಕಾಯಿರ್ ಬಿಟ್ಟೆ. ಅವರು ಮಾತ್ರ ಹಗುರವಾಗಿ ಮೆಟ್ಟಿಲಿಳಿದು ಮುಂದಿನ ಮನೆಗೆ ಹೋದರು.

ನಮ್ಮ ಕನ್ನಡ ಸಭೆಯಲ್ಲಿ, ಅಂದರೆ ಚರ್ಚಿನಲ್ಲಿ, ತಿಂಗಳ ಮೊದಲ ಭಾನುವಾರದ ಕರ್ತನ ಭೋಜನಕ್ಕೆ ಸಂಸ್ಕಾರ ಎನ್ನುತ್ತೇವೆ. ಬೇರೆಯವರು ಈ ಮಾತು ಕೇಳಿದರೆ ಯಾರು ಹೋದರು ಎಂದು ಕೇಳುತ್ತಾರೆ. ನಮಗೆ ಅದು ಒಂದು ಚೂರು ರೊಟ್ಟಿ, ಒಂದು ಗುಟುಕು ದ್ರಾಕ್ಷಾರಸ. ತನ್ನನ್ನು ತಾನು ಪರೀಕ್ಷಿಸಿಕೊಳ್ಳದೆ ಅದನ್ನು ಬಾಯಿಗಿಟ್ಟರೆ ಅದೇ ದಂಡನೆಯಾಗುತ್ತದೆ, ಯಾರೊಡನೆ ಮನಸ್ತಾಪವಿದೆಯೋ ಅವರೊಡನೆ ಮೊದಲು ಒಂದಾಗಬೇಕು ಎಂದು ಚಿಕ್ಕಂದಿನಿಂದ ಕೇಳಿ ಬೆಳೆದವರು ನಾವು. ಕೇಳಿ ಬೆಳೆದೆವು ಅಷ್ಟೆ. ಉಳಿದವರೆಲ್ಲ ಆ ಪರೀಕ್ಷೆಯನ್ನು ಬೆಂಚಿನ ಮೇಲೆ ತಲೆ ತಗ್ಗಿಸಿ, ಕಾಣಿಕೆ ಚೀಲ ನಮ್ಮ ಸಾಲಿಗೆ ಬರುವಷ್ಟರಲ್ಲಿ ಮುಗಿಸುತ್ತೇವೆ. ಪಾಸೂ ಆಗುತ್ತೇವೆ.

ಹನ್ನಮ್ಮ ಸಿಸ್ಟರ್ ಹಾಗಲ್ಲ. ಶುಕ್ರವಾರ ಸಂಜೆ ವರಾಂಡದ ಕುರ್ಚಿಯಲ್ಲಿ ಕಣ್ಣು ಮುಚ್ಚಿ ಕೂತರೆ ಸೊಳ್ಳೆ ಕಚ್ಚಿದರೂ ಅಲುಗುತ್ತಿರಲಿಲ್ಲ. ಪ್ರಾರ್ಥನೆ ಒಣಗಿದೆಯೇ, ಯಾರ ಏಳಿಗೆ ಕಂಡು ಹೊಟ್ಟೆ ಉರಿಯಿತು, ಯಾರ ಕೇಡು ಬಯಸಿದೆ ಎಂದು ಮನಸ್ಸಿನ ಮೂಲೆ ಮೂಲೆ ಕೆದಕುವರು. "ಪೇಷಂಟ್ ನೋಡೋಕೆ ಚೆನ್ನಾಗಿದ್ದಾನೆ ಅಂತ ಟೆಂಪರೇಚರ್ ನೋಡ್ದೆ ಬಿಡ್ತಿದ್ವಾ ಗ್ರೇಸಿ? ನಂಬಿಕೆಗೂ ಒಳಜ್ವರ ಇರತ್ತೆ. ತಿಂಗಳಿಗೊಂದು ಸಲನಾದ್ರೂ ನೋಡ್ಕೋಬೇಕು" ಎನ್ನುತ್ತಿದ್ದರು. ಅವರು ಡೋಂಗಿಯಲ್ಲ, ಅದನ್ನು ಒಪ್ಪಲೇಬೇಕು. ಅಷ್ಟು ಪ್ರಾಮಾಣಿಕವಾಗಿ ತಮ್ಮ ಹೊಲಸನ್ನು ತಾವೇ ನೋಡಿಕೊಳ್ಳುವವರನ್ನು ನಾನು ಬೇರೆ ಕಂಡಿಲ್ಲ. ನೋಡಿಕೊಂಡದ್ದನ್ನು ಏನು ಮಾಡುತ್ತಿದ್ದರು ಎಂಬುದೇ ತೊಂದರೆ. ಮನೆ ಗುಡಿಸಿ ಕಸವನ್ನೆಲ್ಲ ಪಕ್ಕದವರ ಹೊಸ್ತಿಲಿಗೆ ಸುರಿದು, ನಮ್ಮ ಮನೆ ಎಷ್ಟು ಚೊಕ್ಕಟ ನೋಡಿ ಎಂದಂತೆ. ಯಾರ ಬಗ್ಗೆ ಕೆಟ್ಟದ್ದು ಯೋಚಿಸಿದ್ದರೋ ಅವರ ಮನೆಗೇ ಹೋಗಿ, ಅಕ್ಷರ ಬಿಡದೆ ಒಪ್ಪಿಸಿ, ಕ್ಷಮೆ ಕೇಳುವರು. ಸೂಜಿ ಚುಚ್ಚುವ ಮೊದಲು ಮಕ್ಕಳಿಗೆ ಹೇಳುವ ಮಾತನ್ನೇ ನಮಗೂ ಹೇಳುವರು: "ಸ್ವಲ್ಪ ಚುರ್ ಅನ್ನತ್ತೆ, ಅಷ್ಟೆ."

ಕೇಳಿಸಿಕೊಂಡವರು ಕ್ಷಮಿಸಲೇಬೇಕಿತ್ತು. ಅದೂ ಬಾಯಿಬಿಟ್ಟು. ಇಲ್ಲಿತ್ತು ತಮಾಷೆ. ಕನ್ನಡದಲ್ಲಿ ಯಾರಾದರೂ "ಕ್ಷಮಿಸಿದ್ದೀನಿ" ಅನ್ನುತ್ತಾರೆಯೇ? ಕಾಲು ತುಳಿದವನಿಗೂ, ತಲೆ ಒಡೆದವನಿಗೂ ನಾವು ಹೇಳುವುದು ಒಂದೇ: ಹೋಗ್ಲಿ ಬಿಡಿ. ಹನ್ನಮ್ಮ ಸಿಸ್ಟರಿಗೆ ಅದು ನಡೆಯುತ್ತಿರಲಿಲ್ಲ.

ನಮ್ಮ ಮನೆ ಓನರ್ ಬೈರಣ್ಣನವರ ಹತ್ತಿರ ಅವರು ಪ್ರತಿ ಸಲ ಸೋಲುತ್ತಿದ್ದುದು ಇದೇ ಕಾರಣಕ್ಕೆ. ಈ ರಸ್ತೆಯೆಲ್ಲ ಒಂದು ಕಾಲಕ್ಕೆ ಬೈರಣ್ಣನವರ ಅಪ್ಪನ ರಾಗಿ ಹೊಲ. ಹನ್ನಮ್ಮ ಸಿಸ್ಟರಿಗೆ ಸೈಟು ಮಾರಿದವರೂ ಅವರೇ. ಒಂದು ಶನಿವಾರ ಸಿಸ್ಟರ್ ಹೋಗಿ, "ಬೈರಣ್ಣ, ಸೈಟ್ ಅಳತೇಲಿ ನೀವು ಎರಡಡಿ ನುಂಗಿದ್ದೀರಿ, ಕಳ್ಳ ಅಂತ ಮನಸ್ಸಲ್ಲಿ ಅಂದ್ಕೊಂಡೆ. ಕ್ಷಮಿಸಿ" ಎಂದರು. ಹಸುವಿಗೆ ಬೂಸಾ ಕಲಸುತ್ತಿದ್ದ ಬೈರಣ್ಣ ತಲೆ ಎತ್ತಲಿಲ್ಲ.

"ಎರಡಲ್ಲ ಸಿಸ್ಟರೇ, ಒಂದೂವರೆ. ಹೋಗ್ಲಿ ಬಿಡಿ."

"ಹೋಗ್ಲಿ ಬಿಡಿ ಅಂದ್ರೆ ಆಗಲ್ಲ ಬೈರಣ್ಣ. ಕ್ಷಮಿಸಿದ್ದೀನಿ ಅನ್ನಿ."

"ಅಯ್ಯೋ, ಅದೇ ಅಲ್ವೇನಮ್ಮ ಹೇಳಿದ್ದು. ಹೋಗ್ಲಿ ಬಿಡಿ ಅಂತ."

ಆ ಭಾನುವಾರ ಸಿಸ್ಟರ್ ರೊಟ್ಟಿ ಮುಟ್ಟಲಿಲ್ಲ. ಎಲ್ಲರೂ ಎದ್ದು ಮುಂದೆ ಹೋದಾಗ ಅವರು ಬೆಂಚಿನಲ್ಲೇ ಕೂತು ಅತ್ತರು. ಮುಂದಿನ ತಿಂಗಳು ಬೈರಣ್ಣನ ಹೆಂಡತಿ ಮುನಿವೆಂಕಟಮ್ಮ ಗಂಡನ ಪರವಾಗಿ "ಕ್ಷಮಿಸವ್ರೆ ಕಣಮ್ಮ, ಹೋಗಿ" ಎಂದು ಹೇಳಿ ಕಳಿಸಿದ ಮೇಲೆಯೇ ಅವರ ಗಂಟಲಲ್ಲಿ ರೊಟ್ಟಿ ಇಳಿದದ್ದು.

ಹನ್ನಮ್ಮ ಸಿಸ್ಟರಿಗೆ ಒಬ್ಬನೇ ಮಗ, ಸ್ಯಾಮ್ಯುಯೆಲ್. ಔಷಧಿ ಕಂಪನಿಯ ರೆಪ್. ಹೆಂಡತಿಗೂ ತಾಯಿಗೂ ಜಗಳವಾದರೆ ಬ್ಯಾಗು ತಗಲಿಸಿಕೊಂಡು ಡಾಕ್ಟರುಗಳನ್ನು ಕಾಣಲು ಹೋಗುವ ಬುದ್ಧಿವಂತ. ಅವನು ಮೆಚ್ಚಿ ಮದುವೆಯಾದ ಹುಡುಗಿ ಅಂಜನಾ. ಜಯನಗರ ಫೋರ್ತ್ ಬ್ಲಾಕಿನ ಕನ್ನಡಕದ ಅಂಗಡಿಯಲ್ಲಿ ಕಣ್ಣು ಪರೀಕ್ಷೆ ಮಾಡುತ್ತಿದ್ದಳು. ಅವಳ ಅಪ್ಪ ಚನ್ನಬಸವಯ್ಯ ಬನಶಂಕರಿಯಲ್ಲಿ ಸ್ಟೀಲ್ ಪಾತ್ರೆ ಅಂಗಡಿ ಇಟ್ಟವರು, ಹಣೆ ತುಂಬ ವಿಭೂತಿ ಧರಿಸುವ ಸಾಧು ಮನುಷ್ಯ. ರಿಜಿಸ್ಟರ್ ಮದುವೆಯಾಗಿ, ನಮ್ಮ ಸಭೆಯಲ್ಲಿ ಆಶೀರ್ವಾದ ಇಟ್ಟುಕೊಂಡ ದಿನ ಅವರೂ, ತಾಯಿ ಜಯದೇವಿಯೂ ಬಂದು ಕೊನೆಯ ಬೆಂಚಿನಲ್ಲಿ ಕೂತಿದ್ದರು. ಅಂಜನಾ ದೀಕ್ಷಾಸ್ನಾನ ತೆಗೆದುಕೊಳ್ಳಲಿಲ್ಲ. ಭಾನುವಾರ ಅತ್ತೆಯ ಜೊತೆ ಬಂದು ಕೂರುವಳು, ಸಂಸ್ಕಾರದ ಹೊತ್ತಿಗೆ ಎದ್ದು ಹೊರಗೆ ಹೊಂಗೆ ಮರದ ಕೆಳಗೆ ನಿಲ್ಲುವಳು.

ಮದುವೆಯಾದ ಮೇಲಿನ ಮೊದಲ ಶನಿವಾರ ಅತ್ತೆ ಬಂದು ಕೈ ಮುಗಿದಾಗ ಪಾಪದ ಹುಡುಗಿ ಕಣ್ಣಲ್ಲಿ ನೀರು ತಂದುಕೊಂಡಳಂತೆ. ದೊಡ್ಡವರು ಚಿಕ್ಕವರಲ್ಲಿ ಕ್ಷಮೆ ಕೇಳುವುದೆಂದರೇನು! "ಅಯ್ಯೋ, ನೀವು ನನ್ನತ್ರ ಕೇಳಬಾರ್ದು ಅತ್ತೆ" ಎಂದು ಕೈ ಹಿಡಿದುಕೊಂಡಳು. ಅತ್ತೆ ಕೈ ಬಿಡಿಸಿಕೊಂಡರು.

"ನಿನ್ನ ಮುಖ ನೋಡಿದಾಗೆಲ್ಲ, ನನ್ನ ಮಗನಿಗೆ ಇದಕ್ಕಿಂತ ಒಳ್ಳೇದು ಸಿಗ್ತಿತ್ತು ಅಂತ ಅನ್ಸತ್ತೆ. ಅದು ಪಾಪ. ಕ್ಷಮಿಸು."

"ಹೋಗ್ಲಿ ಬಿಡಿ ಅತ್ತೆ" ಎಂದಳು ಅಂಜನಾ, ಸಣ್ಣ ದನಿಯಲ್ಲಿ.

"ಹಾಗಂದ್ರೆ ಆಗಲ್ಲ. ಬಾಯಿ ಬಿಟ್ಟು ಹೇಳು."

ಅವಳು ಹೇಳಿದಳು. ಹೇಳದೆ ಏನು ಮಾಡುತ್ತಾಳೆ? ಆಮೇಲೆ ತಿಂಗಳು ತಿಂಗಳೂ ಹೇಳಿದಳು. ಅವಳು ಮಾಡಿದ ಸಾರು ದನ ಮೂಸದು ಎಂದುಕೊಂಡದ್ದಕ್ಕೆ, ಅವಳು ತಡವಾಗಿ ಬಂದ ದಿನ ಅಂಗಡಿಯಲ್ಲಿ ಯಾವನ ಕಣ್ಣು ನೋಡುತ್ತಿದ್ದಳೋ ಎಂದುಕೊಂಡದ್ದಕ್ಕೆ. ಬೀಗರನ್ನೂ ಸಿಸ್ಟರ್ ಬಿಡಲಿಲ್ಲ. ಆಟೋ ಮಾಡಿಕೊಂಡು ಬನಶಂಕರಿಗೇ ಹೋಗಿ, "ನಿಮ್ಮ ಹಣೆ ನೋಡಿ, ಇವರ ಮನೇಲಿ ನೀರು ಕುಡಿಯೋದು ಹೇಗೆ ಅನ್ನಿಸ್ತು. ಕ್ಷಮಿಸಿ" ಎಂದರು. ಚನ್ನಬಸವಯ್ಯ ಎದ್ದು ಒಳಗೆ ಹೋಗಿ, ತಾವೇ ಒಂದು ಲೋಟ ನೀರು ತಂದಿಟ್ಟು, "ಕ್ಷಮಿಸಿದ್ದೀನಿ ತಾಯಿ, ಕುಡೀರಿ" ಎಂದರಂತೆ. ಸಿಸ್ಟರ್ ಕುಡಿದು, ನೆಮ್ಮದಿಯಾಗಿ ವಾಪಸು ಬಂದರು. ಆ ಗಂಡ ಹೆಂಡತಿ ಮತ್ತೆ ಮಗಳ ಮನೆಯ ಕಡೆ ತಲೆ ಹಾಕಲಿಲ್ಲ.

ಅಂಜನಾ ಬಸುರಾದದ್ದು ಆಮೇಲೆ. ಐದನೇ ತಿಂಗಳಲ್ಲಿ ಮಗು ಹೋಯಿತು. ಆ ಹತ್ತು ಹದಿನೈದು ದಿನ ಹನ್ನಮ್ಮ ಸಿಸ್ಟರ್ ಸೊಸೆಯನ್ನು ನೋಡಿಕೊಂಡ ರೀತಿಗೆ ನಾನೇ ಸಾಕ್ಷಿ. ಹೊತ್ತು ಹೊತ್ತಿಗೆ ಮಾತ್ರೆ, ಬಿಸಿನೀರು, ಬದಲಿಸಿದ ಹಾಸಿಗೆ. ಹೆತ್ತ ತಾಯಿಯೂ ಅಷ್ಟು ಮಾಡಲಾರಳು. ಇನ್ನಾದರೂ ಇಬ್ಬರಿಗೂ ಸರಿಹೋಗುತ್ತದೆ ಎಂದು ನಾನು ಸಮಾಧಾನಪಟ್ಟುಕೊಂಡೆ. ಶನಿವಾರ ಬಂತು. ನಾನು ಮೆಣಸಿನ ಸಾರು ಮಾಡಿಕೊಂಡು ಹೋಗಿ ಅಂಜನಾಳ ಮಂಚದ ಹತ್ತಿರ ಕೂತಿದ್ದೆ. ಸಿಸ್ಟರ್ ಒಳಗೆ ಬಂದು ಕೈ ಮುಗಿದರು.

"ಸಿಸ್ಟರ್, ಇವತ್ತು ಬೇಡ" ಎಂದೆ.

"ಇವತ್ತು ಬೇಡ ಅಂದ್ರೆ ಹೇಗೆ ಗ್ರೇಸಿ? ನಾಳೆ ಸಂಸ್ಕಾರ ಇದೆ." ಸೊಸೆಯ ಕಡೆ ತಿರುಗಿದರು. "ಸ್ವಲ್ಪ ಚುರ್ ಅನ್ನತ್ತೆ, ಅಷ್ಟೆ. ಡಾಕ್ಟರು ಬಂದು ಮಗು ಇಲ್ಲ ಅಂದಾಗ, ಒಳ್ಳೇದೇ ಆಯ್ತು ಅಂತ ಒಂದು ಗಳಿಗೆ ಅನ್ನಿಸ್ಬಿಡ್ತು. ನಮ್ಮದೂ ಅಲ್ಲದ ನಿಮ್ಮದೂ ಅಲ್ಲದ ಮಗು ಅಂತ. ತುಂಬ ಅತ್ತಿದ್ದೀನಿ ಅದಕ್ಕೆ. ಕ್ಷಮಿಸಮ್ಮ."

ಅವರು ಅತ್ತದ್ದು ನಿಜ. ಕಣ್ಣು ಕೆಂಪಾಗಿತ್ತು. ಕೈಯಲ್ಲಿದ್ದ ಲೋಟದ ಸಾರನ್ನು ಆ ಮುಖದ ಮೇಲೆ ಎರಚಬೇಕೆನಿಸಿತು ನನಗೆ. ಅಂಜನಾ ಅತ್ತೆಯನ್ನು ನೋಡಿದಳು. ಅಂಗಡಿಯಲ್ಲಿ ಗಿರಾಕಿಯ ಕಣ್ಣಿನ ನಂಬರ್ ನೋಡುವಂತೆ, ಸುಮ್ಮನೆ, ತುಂಬ ಹೊತ್ತು. ಆಮೇಲೆ "ಕ್ಷಮಿಸಿದ್ದೀನಿ" ಎಂದಳು. ಮಾರನೆಯ ದಿನ ಸಿಸ್ಟರ್ ಮೊದಲ ಸಾಲಿನಲ್ಲಿ ನಿಂತು ರೊಟ್ಟಿ ತೆಗೆದುಕೊಂಡರು, ಮನೆಗೆ ಬಂದು ಹೊಟ್ಟೆ ತುಂಬ ಊಟ ಮಾಡಿ ಮಲಗಿದರು.

ಸ್ಯಾಮ್ಯುಯೆಲ್‌ನನ್ನು ಬೀದಿಯಲ್ಲಿ ನಿಲ್ಲಿಸಿ ಕೇಳಿದೆ. "ಅಮ್ಮ ಏನನ್ನೂ ಮನಸ್ಸಲ್ಲಿ ಇಟ್ಕೊಳ್ಳಲ್ಲ ಆಂಟಿ. ಅದೊಂದು ಒಳ್ಳೇ ಗುಣ ಅವರ್ದು" ಎಂದ. ತಾನು ಇಟ್ಟುಕೊಳ್ಳದಿದ್ದರೆ ಅದು ಎಲ್ಲಿಗೆ ಹೋಗುತ್ತದಪ್ಪ? ಇನ್ನೊಬ್ಬರ ಮನಸ್ಸಿಗೆ ತಾನೇ? ಇದನ್ನು ಅವನಿಗೆ ಹೇಳಿದೆ ಕೂಡ. ಮೀಟಿಂಗ್ ಇದೆ ಎಂದು ಹೊರಟುಹೋದ.

ಅವರಿಗೆ ಮತ್ತೆ ಮಕ್ಕಳಾಗಲಿಲ್ಲ. ಅಂಜನಾ ಜಗಳವಾಡಲಿಲ್ಲ, ತವರಿಗೆ ಹೋಗಲಿಲ್ಲ. ವರ್ಷಗಳು ಕಳೆದಂತೆ ಅವಳು ಎಷ್ಟು ಪಳಗಿದಳೆಂದರೆ, ಡಬ್ಬಿಗೆ ಚಿತ್ರಾನ್ನ ತುಂಬುತ್ತ, ಅತ್ತೆಯ ಮಾತು ಮುಗಿಯುವ ಮೊದಲೇ "ಕ್ಷಮಿಸಿದ್ದೀನಿ" ಎಂದು ಮುಚ್ಚಳ ಹಾಕುವಳು. ಅತ್ತೆಗೆ ಅಷ್ಟೇ ಸಾಕಿತ್ತು.

ಹೋದ ವರ್ಷ ಹನ್ನಮ್ಮ ಸಿಸ್ಟರಿಗೆ ಹೊಟ್ಟೆಯಲ್ಲಿ ಗಡ್ಡೆ ಎಂದಾಯಿತು. ತೆಗೆಯಲು ಬರುವ ಹಂತ ದಾಟಿದೆ, ಮನೆಗೆ ಕರೆದುಕೊಂಡು ಹೋಗಿ ಎಂದರು. ಹಾಲ್‌ನಲ್ಲಿ ಮಂಚ ಹಾಕಿದರು. ಅಂಜನಾ ಕೆಲಸ ಬಿಟ್ಟಳು. ತಿಂಗಳುಗಟ್ಟಲೆ ಮಲಗಿದ್ದರೂ ಅತ್ತೆಯ ಬೆನ್ನಿಗೆ ಒಂದು ಹುಣ್ಣಾಗಲಿಲ್ಲ, ಮನೆಗೆ ಹೋದವರಿಗೆ ಒಂದು ವಾಸನೆ ಬರಲಿಲ್ಲ. ಸಭೆಯ ಹೆಂಗಸರು ಹೊಗಳಿದ್ದೇ ಹೊಗಳಿದ್ದು. ಸಿಸ್ಟರ್ ತಮ್ಮ ವ್ರತ ಬಿಡಲಿಲ್ಲ. ಏಳಲಾಗದೆ ಈಗ ನಮಗೇ ಹೇಳಿಕಳಿಸುವರು. ಮೂಸಂಬಿ ಹಿಡಿದುಕೊಂಡು ಹೋಗಿ, ಬೈಸಿಕೊಂಡು, ಕ್ಷಮಿಸಿ ಬರುತ್ತಿದ್ದೆವು.

ರೊಟ್ಟಿ ಬಾಯಿಗೆ ಬೀಳದೆ ಸಾಯುವುದೊಂದೇ ಅವರಿಗಿದ್ದ ಭಯ. ಸಾವಿನ ಭಯ ನರ್ಸಿಗೆಲ್ಲಿಂದ ಬರಬೇಕು? ಇನ್ನು ಹೆಚ್ಚು ದಿನವಿಲ್ಲ ಎಂದು ಅವರಿಗೇ ತಿಳಿದಾಗ, ಸಭಾಪಾಲಕರನ್ನು ಕರೆಸಿ ಮನೆಯಲ್ಲೇ ಸಂಸ್ಕಾರ ಮಾಡಿಸಿ ಎಂದು ಮಗನಿಗೆ ಹೇಳಿದರು. ಸಭಾಪಾಲಕರನ್ನು ನಾವು ಅಯ್ಯನವರು ಎನ್ನುತ್ತೇವೆ. ಶನಿವಾರ ಬೆಳಿಗ್ಗೆ ಎಂದು ಗೊತ್ತಾಯಿತು.

ಹಿಂದಿನ ದಿನ ಅಂಜನಾ ತಾಯಿಗೆ ಫೋನ್ ಮಾಡಿದಾಗ ನಾನು ಅಲ್ಲೇ ಇದ್ದೆ. "ನಾಳೆ ಮನೇಲೇ ಸಂಸ್ಕಾರ ಅಮ್ಮ. ಅಯ್ಯನೋರು ಬರ್ತಾರೆ. ನೀವೂ ಬರೋ ಹಾಗಿದ್ರೆ ಬನ್ನಿ" ಎಂದಳು. ಅಷ್ಟೇ ಹೇಳಿದಳು. ಅಯ್ಯನೋರು ಎಂದರೆ ಜಯದೇವಿಯವರ ಪಾಲಿಗೆ ಮಠದ ಅಯ್ಯನೋರು. ಸಂಸ್ಕಾರ ಎಂದರೆ ಒಂದೇ. ನನಗೆ ತಟ್ಟನೆ ಹೊಳೆಯಲಿಲ್ಲ. ಅವಳಿಗೆ ಹೊಳೆಯಲಿಲ್ಲವೇ ಎಂದು ಕೇಳಿದರೆ, ಅಂಜನಾ ದಡ್ಡಿಯಲ್ಲ ಎಂದಷ್ಟೇ ಹೇಳಬಲ್ಲೆ.

ಶನಿವಾರ ಬೆಳಿಗ್ಗೆ ಹುಡುಗ ವಯಸ್ಸಿನ ನಮ್ಮ ಹೊಸ ಅಯ್ಯನವರು ಟೀಪಾಯಿಗೆ ಬಿಳಿ ಬಟ್ಟೆ ಹಾಸಿ, ರೊಟ್ಟಿಯ ಡಬ್ಬಿ, ಪುಟ್ಟ ಬಟ್ಟಲು ಇಟ್ಟಿದ್ದರು. ಸಿಸ್ಟರನ್ನು ದಿಂಬಿಗೆ ಒರಗಿಸಿ ಕೂರಿಸಿತ್ತು. ಸ್ಯಾಮ್ಯುಯೆಲ್ ಗೋಡೆಗೆ ಆತು ನಿಂತಿದ್ದ. ಆಗ ಗೇಟಿನ ಹತ್ತಿರದಿಂದಲೇ ಅಳುವಿನ ದನಿ ಕೇಳಿತು. ಜಯದೇವಿ ಸೆರಗು ಬಾಯಿಗಿಟ್ಟುಕೊಂಡು ಒಳಗೆ ಬಂದರು. ಹಿಂದೆ ಚನ್ನಬಸವಯ್ಯ. ಕೈಯಲ್ಲಿ ಸುಗಂಧರಾಜದ ದಪ್ಪ ಹಾರ.

ಹೆಣ ಕಣ್ಣು ಬಿಟ್ಟು ಅವರನ್ನು ನೋಡಿತು. ಜಯದೇವಿಯ ಅಳು ಅರ್ಧಕ್ಕೇ ನಿಂತಿತು.

"ಹಾರ ಯಾರಿಗೆ?" ಎಂದರು ಹನ್ನಮ್ಮ ಸಿಸ್ಟರ್.

ಚನ್ನಬಸವಯ್ಯ ವ್ಯಾಪಾರಸ್ಥರಲ್ಲವೇ, "ಅಯ್ಯನೋರಿಗೆ ತಂದ್ವಿ ತಾಯಿ" ಎಂದವರೇ ಆ ಹುಡುಗ ಸಭಾಪಾಲಕರ ಕೊರಳಿಗೆ ಹಾಕಿ ಕೈ ಮುಗಿದರು. ಮೊಣಕಾಲಿನವರೆಗೆ ಇಳಿದ ಹಾರದಲ್ಲಿ ಅಯ್ಯನವರು ಏನೂ ತಿಳಿಯದೆ ನಿಂತರು. ಅಂಜನಾಳ ಮುಖದಲ್ಲಿ ನಗುವೆಂಬುದನ್ನು ಎಷ್ಟೋ ವರ್ಷದ ಮೇಲೆ ನಾನು ಕಂಡದ್ದು ಆಗ. ಸಿಸ್ಟರ್ ಕೂಡ ಅದನ್ನು ಕಂಡರು.

"ಅಂಜನಾ, ಹತ್ತಿರ ಬಾ. ಅಯ್ಯನೋರೇ, ಒಂದು ನಿಮಿಷ ತಾಳಿ." ಉಸಿರು ಎಳೆದುಕೊಂಡು ಹೇಳಿದರು. "ನಿನ್ನ ಕೈಲಿ ತೊಳಿಸ್ಕೊಳ್ತಾ ಇರ್ತೀನಲ್ಲ, ಆಗೆಲ್ಲ ಅಂದ್ಕೊಳ್ತೀನಿ. ಇವಳು ಪ್ರೀತಿಯಿಂದ ಮಾಡ್ತಿಲ್ಲ, ನಾನು ಯಾವಾಗ ಸಾಯ್ತೀನಿ ಅಂತ ಕಾಯ್ತಿದ್ದಾಳೆ ಅಂತ. ಕ್ಷಮಿಸು."

"ನಿಜಾನೇ ಅತ್ತೆ" ಎಂದಳು ಅಂಜನಾ.

ಸ್ಯಾಮ್ಯುಯೆಲ್ "ಅಂಜೂ" ಎಂದ. ಅವಳು ಅವನ ಕಡೆ ನೋಡಲಿಲ್ಲ.

"ಕ್ಷಮಿಸಿದ್ದೀನಿ ಅನ್ನು" ಎಂದರು ಸಿಸ್ಟರ್.

"ಎಷ್ಟು ಸಲ ಹೇಳಿದ್ದೀನಿ ಅತ್ತೆ? ಪ್ರತಿ ತಿಂಗಳೂ ಹೇಳಿದ್ದೀನಿ. ಸ್ವಲ್ಪ ಚುರ್ ಅನ್ನತ್ತೆ, ಕೇಳಿಸ್ಕೊಳ್ಳಿ. ಒಂದು ಸಲಾನೂ ಮನಸ್ಸಿಂದ ಹೇಳಿಲ್ಲ. ನೀವು ಬೇಗ ಹೋಗ್ಲಿ ಅಂತ ಬಾಯಿಮಾತಿಗೆ ಹೇಳ್ತಿದ್ದೆ. ಮಗು ಹೋದಾಗ್ಲೂ ಅಷ್ಟೆ. ನೀವು ಅದನ್ನ ನಂಬ್ಕೊಂಡು ಹೋಗಿ ರೊಟ್ಟಿ ತಗೊಂಡು ಬರ್ತಿದ್ರಿ."

ಅವಳ ದನಿ ಏರಲಿಲ್ಲ. ಅತ್ತೆಯ ಬಾಯಂಚಿನಲ್ಲಿ ಇಳಿದಿದ್ದ ಜೊಲ್ಲನ್ನು ಬಟ್ಟೆಯಲ್ಲಿ ಒರೆಸಿದಳು ಕೂಡ. ಆದರೆ ಸಿಸ್ಟರಿಗೆ ಲೆಕ್ಕ ಅರ್ಥವಾಯಿತು. ಕ್ಷಮೆ ಸಿಗದೆ ತಿಂದರೆ ದಂಡನೆ ಎಂದು ಜೀವಮಾನವೆಲ್ಲ ನಂಬಿದ ಹೆಂಗಸು. ಹಾಗಾದರೆ ಇಷ್ಟು ವರ್ಷ ಅವರು ತಿಂದದ್ದೇನು? ಅವರ ಮುಖ ಬೂದಿಯಾದದ್ದನ್ನು ನೋಡಿ ನನಗೆ ಖುಷಿಯಾಯಿತು, ಮರುಗಳಿಗೆಗೆ ಆ ಖುಷಿಗೆ ನಾಚಿಕೆಯೂ ಆಯಿತು.

"ಅಮ್ಮಾ, ಕರ್ತನು ಕ್ಷಮಿಸಿದ್ದಾನೆ. ಕೃಪೆ ಯಾರ ಬಾಯಿಮಾತಿನ ಮೇಲೂ ನಿಂತಿಲ್ಲ. ತಗೊಳ್ಳಿ" ಎಂದು ಅಯ್ಯನವರು ರೊಟ್ಟಿಯ ಚೂರನ್ನು ತುಟಿಯವರೆಗೆ ತಂದರು. ಸಿಸ್ಟರ್ ತುಟಿ ಬಿಗಿಹಿಡಿದು ಗೋಡೆಯ ಕಡೆ ತಿರುಗಿದರು. ಅಯ್ಯನವರು ತಾವು ಹಾರ ಹಾಕಿಕೊಂಡಿರುವುದನ್ನೇ ಮರೆತು ಡಬ್ಬಿ, ಬಟ್ಟಲು ಚೀಲಕ್ಕೆ ಸೇರಿಸಿ, ಹಾಗೇ ಸ್ಕೂಟರ್ ಹತ್ತಿ ಹೋದರು.

ಮೂರನೆಯ ದಿನ ಸಿಸ್ಟರ್ ನನ್ನನ್ನು ಕರೆಸಿದರು. ಕೈ ಮುಗಿಯಲಿಲ್ಲ, ಯಾವ ಪಾಪವನ್ನೂ ಒಪ್ಪಿಸಲಿಲ್ಲ.

"ಗ್ರೇಸಿ, ನೀನೂ ಬಾಯಿಮಾತಿಗೇ ಹೇಳ್ತಿದ್ಯಾ?"

ಸಾಯುವವರ ಮುಂದೆ ಸುಳ್ಳು ಹೇಳಬಹುದು, ಯಾವ ದೇವರೂ ಬೇಸರ ಮಾಡಿಕೊಳ್ಳುವುದಿಲ್ಲ. ಆದರೆ ನನಗೆ ನನ್ನ ಹಾಡು ನೆನಪಾಯಿತು. "ಹೌದು ಸಿಸ್ಟರ್" ಎಂದೆ.

"ಎಲ್ಲರೂ?"

"ಎಲ್ಲರ ವಿಷಯ ನನಗೇನ್ ಗೊತ್ತು? ಕೇಳ್ನೋಡಿ."

ಅವರು ಬೈರಣ್ಣನನ್ನು ಕರೆಸಿ ಎಂದರು. ಬೈರಣ್ಣ ಸಗಣಿ ಕೈ ತೊಳೆದುಕೊಂಡು ಬಂದು ಮಂಚದ ಪಕ್ಕ ಸ್ಟೂಲಿನ ಮೇಲೆ ಕೂತರು. ಸಿಸ್ಟರ್ ಕಷ್ಟಪಟ್ಟು ಮಾತು ಜೋಡಿಸಿದರು.

"ಬೈರಣ್ಣ, ಆವತ್ತು ನಿಮ್ಮನ್ನ ಕಳ್ಳ ಅಂದಿದ್ದೆ. ನೀವು ಕ್ಷಮಿಸಿದ್ದೀನಿ ಅನ್ನಲೇ ಇಲ್ಲ."

"ಯಾವತ್ತು ಸಿಸ್ಟರೇ?"

"ಸೈಟ್ ಅಳತೆ ವಿಷಯಕ್ಕೆ. ಎರಡಡಿ."

ಬೈರಣ್ಣ ತಲೆ ಕೆರೆದುಕೊಂಡರು. ನನ್ನ ಮುಖ ನೋಡಿದರು. ನಟನೆ ಬರುವ ಮನುಷ್ಯ ಅಲ್ಲ ಅದು. "ನನಗೆ ಗೆಪ್ತಿನೇ ಇಲ್ವಲ್ಲಮ್ಮ. ಅಂದಿದ್ರಾ? ಹೋಗ್ಲಿ ಬಿಡಿ. ಎಳನೀರು ಕುಡೀತೀರಾ, ಕಳಿಸ್ಕೊಡ್ಲಾ?"

ಅವರು ಹೋದ ಮೇಲೆ ಸಿಸ್ಟರ್ ಬಾಗಿಲನ್ನೇ ನೋಡುತ್ತಿದ್ದರು. "ಮರ್ತೇಬಿಟ್ಟಿದ್ದಾನೆ ಗ್ರೇಸಿ" ಎಂದರು. ಅವರ ಪರೀಕ್ಷೆಯಲ್ಲಿ ಪ್ರತಿ ತಿಂಗಳೂ ಫೇಲಾದ ಒಬ್ಬ ಮನುಷ್ಯನೇ ಅವರನ್ನು ಕ್ಷಮಿಸಿದ್ದ. ಅವನ ಮಾತನ್ನು ಅವರು ತಗೊಂಡಿರಲಿಲ್ಲ. ಇದು ಅವರಿಗೆ ತಿಳಿಯಿತು ಎಂದು ನನಗೆ ಅವರ ಮುಖ ನೋಡಿಯೇ ಗೊತ್ತಾಯಿತು. ಆ ಹೊತ್ತಿನಲ್ಲಿ ಮಾತ್ರ ನನಗೆ ಅವರ ಮೇಲೆ ನಿಜವಾದ ಮರುಕ ಬಂತು.

ಅಂಜನಾ ಅಡಿಗೆಮನೆಯಿಂದ ರಾಗಿ ಗಂಜಿಯ ಬಟ್ಟಲು ತಂದಳು. ಅತ್ತೆಯ ಕತ್ತಿನ ಕೆಳಗೆ ಟವಲ್ ಸಿಕ್ಕಿಸಿ ಚಮಚ ಎತ್ತಿದಳು. ಸಿಸ್ಟರ್ ಅವಳ ಮಣಿಕಟ್ಟು ಹಿಡಿದುಕೊಂಡರು. ಸೂಜಿ ಹಾಕುವಾಗ ಕೈ ಹಿಡಿಯುತ್ತಿದ್ದ ಆ ಬಿಗಿ ಈಗ ಇರಲಿಲ್ಲ.

"ಅಂಜನಾ, ಕ್ಷಮಿಸಿದ್ದೀನಿ ಅನ್ಬೇಡ. ಅದು ಬೇಡ ನನಗೆ." ಸ್ವಲ್ಪ ಹೊತ್ತು ಉಸಿರಿಗೆ ತಡಕಾಡಿದರು. "ಹೋಗ್ಲಿ ಬಿಡಿ ಅಂತನಾದ್ರೂ ಅನ್ನು. ಒಂದೇ ಒಂದ್ಸಲ."

ನಾನು ಅಂಜನಾಳ ಬಾಯನ್ನೇ ನೋಡಿದೆ. ಅನ್ನೇ ತಾಯಿ, ಹೋಗುವ ಜೀವ, ಏನು ಗಂಟು ಹೋಗುತ್ತದೆ ನಿನ್ನದು ಎಂದು ಒಳಗೊಳಗೇ ಬೇಡಿಕೊಂಡೆ. ಮಾತು ಅವಳ ತುಟಿಯವರೆಗೆ ಬಂದಿತ್ತು ಎಂದೇ ನನಗೆ ಈಗಲೂ ಅನಿಸುತ್ತದೆ. ಅವಳು ಅತ್ತೆಯ ಬೆರಳುಗಳನ್ನು ಒಂದೊಂದಾಗಿ ಬಿಡಿಸಿ, ಕೈಯನ್ನು ಹೊದಿಕೆಯ ಒಳಗೆ ಇಟ್ಟಳು.

"ಗಂಜಿ ಆರೋಗತ್ತೆ ಅತ್ತೆ. ಬಾಯಿ ತೆಗೀರಿ."

ಸಿಸ್ಟರ್ ಬಾಯಿ ತೆಗೆದರು. ಬಟ್ಟಲು ಖಾಲಿಯಾಗುವವರೆಗೂ ಕುಡಿದರು. ಕಣ್ಣಿನಿಂದ ನೀರು ಕಿವಿಯ ಕಡೆಗೆ ಇಳಿಯುತ್ತಿತ್ತು, ಅಂಜನಾ ಅದನ್ನೂ ಟವಲಿನ ತುದಿಯಿಂದ ಒರೆಸಿದಳು.

ಮಾರನೆಯ ದಿನ ಬೆಳಿಗ್ಗೆ ಗೇಟು ಕಿರ್ರೆಂದಾಗ, ಅಭ್ಯಾಸಬಲ, ನನ್ನ ಕೈ ಟಿ.ವಿ. ಆರಿಸಲು ಹೋಯಿತು. ಸ್ಯಾಮ್ಯುಯೆಲ್ ಡಾಕ್ಟರನ್ನು ಕರೆತರಲು ಓಡುತ್ತಿದ್ದ. ನಾನು ಹೋಗುವಷ್ಟರಲ್ಲಿ ಅಂಜನಾ ಅತ್ತೆಯ ಮೈ ಒರೆಸಿ, ಗಂಜಿ ಹಾಕಿದ ಬಿಳಿ ಸೀರೆ ಉಡಿಸಿ, ಕೂದಲು ಬಾಚುತ್ತಿದ್ದಳು. ಅವರು ಬಾಚಿಕೊಳ್ಳುತ್ತಿದ್ದಷ್ಟೇ ಬಿಗಿಯಾಗಿ. ಆಮೇಲೆ ಕೈ ತೊಳೆದು ತಾಯಿಗೆ ಫೋನ್ ಮಾಡಿದಳು.

"ಅಮ್ಮ, ನಾಳೆ ಸಂಸ್ಕಾರ" ಎಂದಳು. ಆ ಕಡೆಯಿಂದ ಜಯದೇವಿ ಏನೋ ಅನುಮಾನದಿಂದ ಕೇಳಿರಬೇಕು. ಅಂಜನಾ ಮಂಚದ ಕಡೆ ತಿರುಗಿ ಒಂದು ಸಲ ನೋಡಿದಳು.

"ಹೂಂ. ಈ ಸಲ ಹಾರ ತಗೊಂಡೇ ಬಾ."